ಕಿವಿ ನಂಬಿ ಕೊಂಡ ಲೇತು

ತುರುವೇಕೆರೆಯ ಗಂಗಾಧರಯ್ಯನವರಿಗೆ ಸ್ವಂತ ಲೇತು ಬೇಕೆಂಬ ಆಸೆ ಹುಟ್ಟಿದ್ದು 1979ರ ಬೇಸಿಗೆಯಲ್ಲಿ. ಆಗ ಅವರಿಗೆ ನಲವತ್ತಾರು ವರ್ಷ. ದಬ್ಬೇಘಟ್ಟದ ರಸ್ತೆಯ ಒಂದು ಹೆಂಚಿನ ಷೆಡ್ಡಿನಲ್ಲಿ ಪಂಪ್‌ಸೆಟ್ಟು, ಡೀಸೆಲ್ ಎಂಜಿನ್ನು ರಿಪೇರಿ ಮಾಡುತ್ತಿದ್ದರು. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಎಲ್ಲ ಅಲ್ಲೇ ಆಗುತ್ತಿತ್ತು. ಪಂಪಿನ ಶಾಫ್ಟು ಸವೆದರೆ ಮಾತ್ರ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಿಪಟೂರಿನ ಬಸ್ಸಿಗೆ ಹಾಕಬೇಕಿತ್ತು. ಕಬ್ಬಿಣ ಕೊರೆದು ಹೊಸ ಶಾಫ್ಟು ಮಾಡಿಕೊಡುವ ಅಲ್ಲಿಯ ಲೇತಿನ ಮುಂದೆ ಸರದಿ. ನಾಲ್ಕು ದಿನ, ಕೆಲವೊಮ್ಮೆ ಎಂಟು ದಿನ. ಏಪ್ರಿಲ್ ತಿಂಗಳಲ್ಲಿ ಎಂಟು ದಿನ ನೀರು ಕಾಣದ ತೆಂಗಿನ ಸಸಿ ಏನಾಗುತ್ತದೆಂದು ಆ ಷೆಡ್ಡಿಗೆ ಬಂದು ಕೂರುವ ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಗಂಗಾಧರಯ್ಯನವರಿಗೆ ಹೆಸರು ಬಂದದ್ದು ಕೈಯಿಂದಲ್ಲ, ಕಿವಿಯಿಂದ. ಹದಿನೆಂಟರ ವಯಸ್ಸಿಗೆ ಅವರು ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದರು. ರೈತರು ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಹಾಕಿದ ಕಾಯಿ ಕೊಳ್ಳುವ ಮೊದಲು ವ್ಯಾಪಾರಿ ಇವರನ್ನು ಏಣಿ ಹತ್ತಿಸುತ್ತಿದ್ದ. ಅರೆಗತ್ತಲೆಯಲ್ಲಿ ಕೂತು, ನೂರಕ್ಕೆ ಒಂದರಂತೆ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುವುದು ಅವರ ಕೆಲಸ. ನೀರು ಕುಲುಕಿದರೆ ಇನ್ನೂ ತಿಂಗಳುಗಳು ಬೇಕು. ಒಳಗಿನ ಗುಂಡು ಚಿಪ್ಪು ಬಿಟ್ಟು ಗಡಗಡ ಎಂದರೆ ಕೊಬ್ಬರಿಯಾಗಿದೆ. ಏನೂ ಅನ್ನದೆ ಕೈಗೆ ಭಾರವಾಗಿ ಕೂತರೆ ಕೊಳೆತಿದೆ. ಅಟ್ಟದಿಂದ ಇಳಿದು ಅವರು ಒಂದು ಮಾತು ಹೇಳಿದರೆ ವ್ಯಾಪಾರ ಮುಗಿದಂತೆ. ಕಿವಿಗೆ ಹಿಡಿದವನು ಮಾತಾಡಿದ ಮೇಲೆ ಯಾರೂ ಕಾಯಿ ಒಡೆದು ನೋಡುತ್ತಿರಲಿಲ್ಲ. ಒಡೆದರೆ ಅವನಿಗೆ ಅವಮಾನ ಮಾಡಿದಂತೆ. ಅದು ಆ ವ್ಯಾಪಾರಿಗಳ ನಡುವಿನ ಪದ್ಧತಿ.

ಆಮೇಲೆ ಅದೇ ಕಿವಿ ಎಂಜಿನ್ನಿಗೆ ಬಂತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚುತ್ತಿದ್ದರು. ಬಿಚ್ಚುವ ಮೊದಲೇ ರೋಗ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷ ದಿನವೂ ಓಡುವ ಎಂಜಿನ್ನುಗಳ ಪಕ್ಕದಲ್ಲಿ ಹೀಗೆ ಕಿವಿ ಕೊಟ್ಟು ನಿಂತಿದ್ದರು.

ಹೊಸ ಲೇತು ಅವರ ಕೈಗೆ ಎಟುಕುವಂಥದ್ದಲ್ಲ. ಹಳೆಯದನ್ನು ಹುಡುಕುತ್ತ ಎರಡು ವರ್ಷ ಕಳೆಯಿತು. ತುಮಕೂರಿನಲ್ಲಿ ಮುಚ್ಚಿದ ಒಂದು ವರ್ಕ್‌ಷಾಪಿನ ಲೇತು ಕಣ್ಣಿಗೆ ಚೆನ್ನಾಗಿತ್ತು. ಹಸಿರು ಬಣ್ಣವನ್ನು ಉಗುರಿನಿಂದ ಕೆರೆದಾಗ ಸೀಳಿದ ಕಬ್ಬಿಣಕ್ಕೆ ಬೆಸುಗೆ ಹಾಕಿದ್ದು ಕಂಡಿತು. ಅರಸೀಕೆರೆಯಲ್ಲಿ ಸಿಕ್ಕ ಇನ್ನೊಂದಕ್ಕೆ ಗೇರುಗಳೇ ಇರಲಿಲ್ಲ. "ನಾಳೆ ಕಳಿಸ್ತೀನಿ" ಎಂದ ಮಾಲೀಕ, ಇವರು ಮೂರು ಸಲ ಬಸ್ ಹತ್ತಿ ಹೋದರೂ ಅದೇ ನಾಳೆಯನ್ನು ಹೇಳಿದ. ಮೂರನೆಯದಕ್ಕೆ ಅಡ್ವಾನ್ಸು ಕೊಡಲು ಹೋದ ಬೆಳಗ್ಗೆ ಅದು ಬೇರೆಯವರ ಲಾರಿಯ ಮೇಲಿತ್ತು. ಹೆಂಡತಿ ಹೊಂಬಾಳಮ್ಮ ಪ್ರತಿ ಸಲವೂ ಬುತ್ತಿ ಕಟ್ಟಿದರು. ಕೊನೆಕೊನೆಗೆ "ಸಿಕ್ತಾ?" ಎಂದು ಕೇಳುವುದನ್ನು ಬಿಟ್ಟರು.

1981ರ ಜನವರಿಯಲ್ಲಿ ಬೆಂಗಳೂರಿನ ಹೊರಗಿನ ಒಂದು ಹಳೇ ಮೆಷಿನ್ ಗೋದಾಮಿನಲ್ಲಿ ನಾಲ್ಕನೆಯದು ಸಿಕ್ಕಿತು. ಜೊತೆಗೆ ಹೋದವನು ಹೊಂಬಾಳಮ್ಮನ ತಮ್ಮ ಅಣ್ಣಯ್ಯ. ತೋಟ ಬಿಟ್ಟರೆ ಬೇರೇನೂ ಗೊತ್ತಿಲ್ಲದ, ಮೂವತ್ತೆಂಟರ ಗಟ್ಟಿ ಆಳು. ಆರಡಿ ಉದ್ದದ ಲೇತು. ಬಣ್ಣ ಬಳಿದಿರಲಿಲ್ಲ. ಗೇರುಗಳೆಲ್ಲ ಇದ್ದವು. ಗೋದಾಮಿನ ಮಾಲೀಕ ಸ್ವಿಚ್ ಹಾಕಿದ. ಗಂಗಾಧರಯ್ಯ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ತಿರುಗುವ ಕಡೆಯ ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು.

"ಭಾವ, ಇದು..." ಎಂದ ಅಣ್ಣಯ್ಯ.

"ಸುಮ್ನಿರ್ಲಾ, ಕೇಳ್ತಾವ್ನಿ."

ಗಂಗಾಧರಯ್ಯ ಕಣ್ಣು ತೆರೆದರು. ಮುಖದಲ್ಲಿ ಎರಡು ವರ್ಷದಿಂದ ಕಾಣದಿದ್ದ ನಗು ಇತ್ತು.

"ರೇಶಿಮೆ ಕಣ್ಲಾ. ರೇಶಿಮೆ ಎಳ್ದಂಗೆ ತಿರುಗ್ತೈತೆ."

ಮಾಲೀಕ ಅವರನ್ನೊಮ್ಮೆ, ಅಣ್ಣಯ್ಯನನ್ನೊಮ್ಮೆ ನೋಡಿದ. "ಯಜಮಾನ್ರೆ, ಒಂದು ಕಬ್ಬಿಣದ ರಾಡು ಹಾಕಿ ಕೊರೆದು ನೋಡ್ಕೊಳ್ಳಿ. ನಾನೇ ಕೊಡ್ತೀನಿ ರಾಡು. ಆಮೇಲೆ ಹಂಗೆ ಹಿಂಗೆ ಅನ್ಬಾರದು ನೋಡಿ."

"ಬ್ಯಾಡ ಕಣಪ್ಪ. ಕೇಳಿದ್ದಾಯ್ತು."

ಅಷ್ಟೇ. ಕಾಯಿ ಒಡೆಯಲಿಲ್ಲ.

ಲೇತು ತುರುವೇಕೆರೆಗೆ ಲಾರಿಯಲ್ಲಿ ಬಂತು. ತೆಂಗಿನ ಮರದ ದಿಮ್ಮಿಗಳನ್ನು ಕೆಳಗೆ ಉರುಳಿಸುತ್ತ ಹನ್ನೊಂದು ಮಂದಿ ಅದನ್ನು ಷೆಡ್ಡಿನೊಳಕ್ಕೆ ತಳ್ಳಿದರು. ಸಿಮೆಂಟ್ ಕಟ್ಟೆ ಒಣಗಲು ಹತ್ತು ದಿನ, ತ್ರೀ ಫೇಸ್ ಕರೆಂಟಿನ ಲೈನು ಎಳೆಸಲು ಒಂದೂವರೆ ತಿಂಗಳು. ಮಾರ್ಚಿನ ಮೊದಲ ವಾರ ಹೊಂಬಾಳಮ್ಮ ಅರಿಶಿನ ಕುಂಕುಮ ತಂದು ಹಚ್ಚಿ, ಹೂವಿಟ್ಟರು. ಗಂಗಾಧರಯ್ಯ ಸ್ವಿಚ್ ಹಾಕಿದರು. ಹೊಂಬಾಳಮ್ಮ ಕುಂಕುಮದ ಬಟ್ಟಲು ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದರು.

"ಇದೇನ್ರೀ ಹಿಂಗೆ ಕೀರ್ತದೆ?"

"ಹೊಸ ಬೆಲ್ಟು ಕಣೇ. ಎರಡು ದಿನ ಓಡಿದ್ರೆ ಸರಿ ಹೋಯ್ತದೆ."

ಬೆಲ್ಟು ಕೀರುತ್ತಿರುವುದು ತಮಗೆ ಕೇಳಿಸಿತೇ ಎಂದು ಅವರು ತಮ್ಮನ್ನು ಕೇಳಿಕೊಳ್ಳಲಿಲ್ಲ. ಹೊಸ ಬೆಲ್ಟು ಕೀರುತ್ತದೆ, ಅದು ಅವರಿಗೆ ಗೊತ್ತಿದ್ದ ವಿಷಯ.

ಮೊದಲ ಶಾಫ್ಟು ದಬ್ಬೇಘಟ್ಟದ ಮಾಯಣ್ಣನದು. ಆ ವರ್ಷ ಅರುವತ್ತು ಸಸಿ ನೆಟ್ಟಿದ್ದ ರೈತ. ಬೆಳಗ್ಗೆ ತಂದು ಸಂಜೆ ಹೊತ್ತಿಗೆ ಹೊಸ ಶಾಫ್ಟು ತೆಗೆದುಕೊಂಡು ಹೋದ. "ತಿಪಟೂರಿನೋರು ಇನ್ಮೇಲೆ ನೊಣ ಹೊಡೀಲಿ ಬುಡಿ" ಎಂದು ನಕ್ಕ. ಹದಿನೈದು ದಿನಕ್ಕೆ ಪಂಪು ತಿರುಗದೆ ಹಿಡಿದುಕೊಂಡಿತು. ಗಂಗಾಧರಯ್ಯ ಇನ್ನೊಂದು ಮಾಡಿಕೊಟ್ಟರು. ಅದು ಹನ್ನೊಂದು ದಿನ ಬಂತು. ಈ ಸಲ ಮಾಯಣ್ಣ ನಗಲಿಲ್ಲ. ಶಾಫ್ಟನ್ನು ತಂದು ಕಟ್ಟೆಯ ಮೇಲೆ ಉರುಳಿಸಿದ. ಅದು ಕುಂಟುತ್ತ ಉರುಳಿತು.

"ನೋಡಿ ಗಂಗಾಧರಯ್ನೋರೆ, ಎತ್ತು ಕುಂಟಿದಂಗೆ ಕುಂಟ್ತೈತೆ. ತಿಪಟೂರಿನದು ಎರಡು ವರ್ಷ ಬಂದಿತ್ತು. ನಿಮ್ದು ಎರಡು ವಾರ."

"ಶಾಫ್ಟಿನ ಸುತ್ತ ಬುಷ್ಷು ಹಾಕೋವಾಗ ಏನಾರ..."

"ಬುಷ್ಷು ಹಾಕ್ದೋರೂ ನೀವೇ ಅಲ್ವರಾ?"

ಮಾಯಣ್ಣ ಗೋಣಿಚೀಲ ಕೇಳಿ ಪಡೆದು, ಹಳೆಯ ಸವೆದ ಶಾಫ್ಟನ್ನೇ ಸುತ್ತಿಕೊಂಡು ತಿಪಟೂರಿನ ಬಸ್ಸಿಗೆ ನಿಂತ. ಅವನ ಅರುವತ್ತು ಸಸಿಯಲ್ಲಿ ಆ ಬೇಸಿಗೆ ಉಳಿದದ್ದು ಹದಿನೇಳು. ಮೇ ತಿಂಗಳೊಳಗೆ ಇನ್ನೂ ನಾಲ್ಕು ಶಾಫ್ಟು ಹೀಗೆಯೇ ಹಿಂದಕ್ಕೆ ಬಂದವು. ಷೆಡ್ಡಿನ ಮುಂದಿನ ಕಲ್ಲುಬೆಂಚಿನಲ್ಲಿ ಕೂರುವವರು ಕಡಿಮೆಯಾದರು.

ಗೋದಾಮಿನವನು ಮೋಸ ಮಾಡಿದ್ದಾನೆಂದು ಗಂಗಾಧರಯ್ಯನವರಿಗೆ ಈಗ ಖಾತ್ರಿಯಾಯಿತು. ಹಳೇ ಮೆಷಿನ್ನಿನ ಸದ್ದು ಅಡಗಿಸಲು ಗೇರಿನ ಪೆಟ್ಟಿಗೆಯೊಳಗೆ ಮರದ ಹೊಟ್ಟು ತುಂಬುವವರಿದ್ದಾರೆಂದು ಅವರು ಕೇಳಿದ್ದರು. ಮೂರು ದಿನ ಅಂಗಡಿ ಮುಚ್ಚಿ ಲೇತು ಬಿಚ್ಚಿದರು. ಎಣ್ಣೆಯನ್ನು ಹೊಂಬಾಳಮ್ಮನ ಹಳೇ ಸೀರೆಯ ತುಂಡಿನಲ್ಲಿ ಸೋಸಿದರು. ಒಂದು ಚೂರು ಹೊಟ್ಟು ಸಿಗಲಿಲ್ಲ. ಇನ್ನೊಮ್ಮೆ ಸೋಸಿದರು. ಎಣ್ಣೆ ಚೊಕ್ಕಟವಾಗಿತ್ತು. ಪುನಃ ಜೋಡಿಸಿ, ತುಮಕೂರಿಗೆ ಹೋಗಿ ಹುಚ್ಚರಂಗಯ್ಯನವರನ್ನು ಕರೆತಂದರು. ಮೂವತ್ತು ವರ್ಷ ಲೇತಿನ ಮೇಲೆ ದುಡಿದು ರಿಟೈರಾಗಿದ್ದ ಮನುಷ್ಯ.

ಹುಚ್ಚರಂಗಯ್ಯ ಕೈಕಾಲು ತೊಳೆಯುತ್ತ ಹೊರಗೆ ತೊಟ್ಟಿಯ ಬಳಿ ಇದ್ದರು. ಒಳಗೆ ಗಂಗಾಧರಯ್ಯ ಸ್ವಿಚ್ ಹಾಕಿದರು. ಹೊರಗಿನಿಂದಲೇ ಕೂಗು ಬಂತು.

"ಆಫ್ ಮಾಡ್ರೀ ಮೊದ್ಲು! ಯಾವನ್ರೀ ಇದನ್ನ ನಿಮ್ಗೆ ಕಟ್ಟಿದೋನು? ಬೇರಿಂಗು ಅಲ್ಲ, ಬೇರಿಂಗು ಕೂರೋ ಮನೇನೇ ಸವೆದೈತೆ. ಹೆಣ್ಣೆಂಗ್ಸು ಗೋಳಾಡ್ದಂಗೆ ಕಿರುಚ್ತೈತಲ್ರೀ!"

"ಕಿರುಚ್ತೈತಾ?" ಎಂದರು ಗಂಗಾಧರಯ್ಯ.

ಹುಚ್ಚರಂಗಯ್ಯ ಒಳಗೆ ಬಂದು ಅವರ ಮುಖ ನೋಡಿದರು. ತಾವೇ ಸ್ವಿಚ್ ಹಾಕಿದರು. "ಈಗ?"

"ಗೇರಿನ ಸದ್ದು. ಮೋಟ್ರಿನ ಸದ್ದು."

"ಅದ್ರ ಮ್ಯಾಲೆ? ಸಣ್ಣಗೆ, ಸೂಜಿ ಚುಚ್ದಂಗೆ?"

ಗಂಗಾಧರಯ್ಯ ಸ್ಕ್ರೂಡ್ರೈವರ್ ಒತ್ತಿ ಕಿವಿಗಿಟ್ಟರು. ತುಂಬ ಹೊತ್ತು ಹಾಗೇ ಇದ್ದರು. ಆಮೇಲೆ ಇನ್ನೊಂದು ಕಿವಿಗಿಟ್ಟರು. ಹುಚ್ಚರಂಗಯ್ಯ ಸ್ವಿಚ್ ತೆಗೆದರು. ಅವರು ಕಠಿಣವಾಗಿ ಏನೂ ಹೇಳಲಿಲ್ಲ. "ನನ್ ಎಡಗಿವೀನೂ ಹಿಂಗೇ ಕಣ್ರೀ. ಮೆಷಿನ್ನು ಒಂದೊಂದಾಗಿ ತಿಂದ್ಕೊಂಡ್ ಹೋಯ್ತದೆ. ದಪ್ಪ ಸದ್ದು ಬಿಡ್ತದೆ, ಸಣ್ಣದನ್ನ ಮೊದ್ಲು ತಿಂತದೆ" ಎಂದರು. ರಿಪೇರಿ ಸಾಧ್ಯವೇ ಎಂದರೆ, ಆ ಖರ್ಚಿಗೆ ಇಂಥದ್ದೇ ಇನ್ನೊಂದು ಬರುತ್ತದೆ ಎಂದರು. ಊಟ ಮಾಡಿ, ಬಸ್ಸಿನ ಚಾರ್ಜು ಕೂಡ ಬೇಡವೆಂದು ಹೊರಟರು.

ಅದೇ ಸಂಜೆ ಗಂಗಾಧರಯ್ಯ ಭಾವಮೈದುನನ ತೋಟಕ್ಕೆ ನಡೆದರು. ಅಣ್ಣಯ್ಯ ಗರಿ ಎಳೆಯುತ್ತಿದ್ದ.

"ಆವತ್ತು ಗೋದಾಮ್ನಾಗೆ ನಿಂಗೆ ಕೇಳ್ತಾ?"

ಅಣ್ಣಯ್ಯ ಗರಿ ಕೆಳಗಿಟ್ಟ. "ಕೇಳ್ತು, ಭಾವ. ಕಿವಿ ಕಿತ್ತೋಗಂಗೆ ಕೇಳ್ತು."

"ಹೇಳಕ್ಕೆ ಏನ್ಲಾ ಆಗಿತ್ತು ನಿಂಗೆ?"

"ನೀವು ರೇಶಿಮೆ ಅಂದ್ರಿ. ಲೇತು ಅಂದ್ರೆ ಹಿಂಗೇ ಕೂಗ್ತದೇನೋ ಅಂದ್ಕೊಂಡೆ. ನಿಮ್ ಕಿವಿ ಮುಂದೆ ನಂದೇನ್ ಭಾವ?"

ಗಂಗಾಧರಯ್ಯ ತೋಟದ ಬದುವಿನ ಮೇಲೆ ಕೂತರು. ಅಣ್ಣಯ್ಯ ಎಳನೀರು ಕೆತ್ತಿ ಕೊಟ್ಟ. ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಮರುದಿನ ಬೆಳಗ್ಗೆ ಅವರು ಮನೆಯ ಅಟ್ಟ ಹತ್ತಿ ಹೊಂಬಾಳಮ್ಮನನ್ನೂ ಕರೆದರು. ಹತ್ತು ತಿಂಗಳ ಕಾಯಿಗಳು. ಒಂದೊಂದೇ ಎತ್ತಿ ಅಲ್ಲಾಡಿಸಿ ಹೇಳುತ್ತ ಹೋದರು: ಕೊಬ್ಬರಿ, ಕೊಬ್ಬರಿ, ನೀರು, ಕೊಬ್ಬರಿ. ಹೊಂಬಾಳಮ್ಮ ಈಸಿಕೊಂಡು ತಾವೂ ಅಲ್ಲಾಡಿಸಿ, ಹೇಳಿದ ಗುಡ್ಡೆಗೇ ಹಾಕುತ್ತಿದ್ದರು. ಏಳನೆಯ ಕಾಯಿಗೆ "ಕೊಬ್ಬರಿ" ಎಂದಾಗ ಹೊಂಬಾಳಮ್ಮನ ಕೈ ಒಂದು ಗಳಿಗೆ ನಿಂತಿತು. ಆದರೂ ಕೊಬ್ಬರಿಯ ಗುಡ್ಡೆಗೇ ಇಟ್ಟರು.

"ಯಾಕೆ ನಿಲ್ಲಿಸ್ದೆ?"

"ಏನಿಲ್ಲ ಬುಡಿ."

ಗಂಗಾಧರಯ್ಯ ಆ ಕಾಯಿಯನ್ನು ಎತ್ತಿಕೊಂಡು ಕೆಳಗಿಳಿದರು. ಅಂಗಳದಲ್ಲಿ ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪಿಗೆ ಹೊಡೆದರು. ಗುಂಡು ಬಿಟ್ಟಿತ್ತು, ಆದರೆ ಅದರೊಳಗೆ ಒಂದು ಚಮಚೆಯಷ್ಟು ನೀರು ಉಳಿದಿತ್ತು. ನೀರು ಅವರ ಮಣಿಕಟ್ಟಿನವರೆಗೆ ಹರಿಯಿತು. ಅಷ್ಟು ನೀರಿಗೆ ಗುಂಡಿನ ಗಡಗಡದ ಜೊತೆ ಒಂದು ಸಣ್ಣ ಸದ್ದು ಇರುತ್ತದೆ. ಹದಿನೆಂಟರಲ್ಲಿ ಅವರಿಗೆ ಅದು ಅಟ್ಟದ ಆ ತುದಿಯಿಂದ ಕೇಳಿಸುತ್ತಿತ್ತು. ಹೊಂಬಾಳಮ್ಮ ಏಣಿಯ ಮೆಟ್ಟಿಲ ಮೇಲೆಯೇ ನಿಂತು ನೋಡುತ್ತಿದ್ದರು. ಗಂಡ ತಾವೇ ಕೇಳಿ ಹೇಳಿದ ಕಾಯನ್ನು ಒಡೆದು ನೋಡಿದ್ದನ್ನು ಅವರು ಅದೇ ಮೊದಲು ಕಂಡದ್ದು.

ಲೇತು ಮಾರಲು ಅವರು ಊರೂರಿಗೆ ಹೇಳಿ ಕಳುಹಿಸಿದರು. ದೀಪಾವಳಿ ಕಳೆದ ಮೇಲೆ ಹುಳಿಯಾರಿನಿಂದ ಕ್ಯಾತಣ್ಣ ಎಂಬ ವೆಲ್ಡಿಂಗ್ ಕೆಲಸದವನು ಬಂದ. ಗಾಡಿಯ ಅಚ್ಚು ಕೊರೆಯಲು ಲೇತು ಬೇಕಿತ್ತು. ಗಂಗಾಧರಯ್ಯ ಸ್ವಿಚ್ ಹಾಕಿ ದೂರ ನಿಂತರು.

"ಇದು ಕಿರುಚ್ತೈತೆ, ಕ್ಯಾತಣ್ಣ. ಬೇರಿಂಗಿನ ಮನೆ ಸವೆದೈತೆ. ಕೆಲ್ಸ ನೆಟ್ಟಗೆ ಬರಾಕಿಲ್ಲ."

ಕ್ಯಾತಣ್ಣ ಕಿವಿಗೊಟ್ಟು ಕೇಳಿದ. "ಏನೋ ಒಂಚೂರು ಕೂಗ್ತದಪ್ಪ. ಹಳೇದು ಅಲ್ವರಾ. ನೀವೇ ಕೇಳಿ ಆರ್ಸಿ ತಂದಿರೋದಂತೆ. ಎಣ್ಣೆ ಬಿಟ್ರೆ ಸರಿ ಹೋಯ್ತದೆ."

"ಸರಿ ಹೋಗಾಕಿಲ್ಲ. ನಂಗೆ ಕಿವಿ ಕೇಳಾಕಿಲ್ಲ ಕಣಪ್ಪ. ಕೇಳ್ದೇನೆ ತಂದೆ ಇದನ್ನ."

ಕ್ಯಾತಣ್ಣ ಗಹಗಹಿಸಿ ನಕ್ಕ. "ಗಂಗಾಧರಯ್ನೋರ ಕಿವಿ ಕೇಳಾಕಿಲ್ವಂತೆ! ರೇಟು ಏರ್ಸಕ್ಕೆ ಹಿಂಗೂ ಒಂದು ದಾರಿ ಐತಾ? ಹೇಳಿ ಬುಡಿ, ಎಷ್ಟಕ್ಕೆ ಕೊಡ್ತೀರಾ?"

"ರಾಡು ಹಾಕಿ ಕೊರೆದು ನೋಡು."

"ನೀವಿರೋವಾಗ ಕೊರೆದು ನೋಡೋದಾ? ನಂಗೆ ಅಷ್ಟೂ ಮರ್ಯಾದೆ ಇಲ್ವಾ?"

ಗಂಗಾಧರಯ್ಯ ಸ್ವಿಚ್ ತೆಗೆದರು. "ಕೊಡಾಕಿಲ್ಲ. ಹೋಗು" ಎಂದರು. ಕ್ಯಾತಣ್ಣ ಮೊದಲು ನಂಬಲಿಲ್ಲ, ಆಮೇಲೆ ಬಯ್ದ. ಹುಳಿಯಾರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದೇನೆ, ಇದೇನು ಹುಡುಗಾಟವೇ ಎಂದ. ಅವನು ಹೋದ ಮೇಲೂ ಇಬ್ಬರು ಬಂದರು. ಇಬ್ಬರೂ ಸ್ವಿಚ್ ಹಾಕಿದ ಮೇಲೆ ಲೇತಿನ ಕಡೆ ನೋಡಲಿಲ್ಲ, ಗಂಗಾಧರಯ್ಯನವರ ಮುಖ ನೋಡಿದರು.

ಆ ಡಿಸೆಂಬರಿನಲ್ಲಿ ಅವರು ಲೇತನ್ನು ತೂಕದ ಲೆಕ್ಕದಲ್ಲಿ ಗುಜರಿಯವರಿಗೆ ಕೊಟ್ಟರು. ಒಂದೇ ಷರತ್ತು ಹಾಕಿದರು: ಇಲ್ಲೇ ಒಡೆಯಬೇಕು, ಇಡಿಯಾಗಿ ಹೊರಗೆ ಹೋಗಕೂಡದು. ಇಬ್ಬರು ಆಳುಗಳು ದೊಡ್ಡ ಸುತ್ತಿಗೆ ಹಿಡಿದು ಮಧ್ಯಾಹ್ನದವರೆಗೆ ಬಡಿದರು. ಹೊಂಬಾಳಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು ಒಳಗೆ ಹೋದರು. ಗಂಗಾಧರಯ್ಯ ಪಕ್ಕದಲ್ಲೇ ನಿಂತಿದ್ದರು. ಆ ಸದ್ದು ಅವರಿಗೆ ಪೂರ್ತಿ ಕೇಳಿಸುತ್ತಿತ್ತು.

ಅವರು ಈಗಲೂ ಎಂಜಿನ್ನು ಬಿಚ್ಚುತ್ತಾರೆ. ಬಿಚ್ಚುವ ಮೊದಲು ಏನೂ ಹೇಳುವುದಿಲ್ಲ. ಸಿಮೆಂಟ್ ಕಟ್ಟೆ ಹಾಗೇ ಇದೆ. ತಿಪಟೂರಿನ ಬಸ್ಸಿಗೆ ಹೋಗಬೇಕಾದ ಶಾಫ್ಟುಗಳನ್ನು ಗೋಣಿಚೀಲದಲ್ಲಿ ಸುತ್ತಿ ಅದರ ಮೇಲಿಡುತ್ತಾರೆ.