ಟೇಪು ಏರಿಸುವ ಮಾಮಾ

ಸೊಲ್ಲಾಪುರದ ನಮ್ಮ ಗಿರಣಿಯಲ್ಲಿ ದೊಡ್ಡ ಕಂಪ್ಯೂಟರಿಗೆ ಟೇಪು ಏರಿಸುವ ಆಪರೇಟರ್ ಒಬ್ಬರಿದ್ದರು. ದಿನಾ ಅಕ್ಕಲಕೋಟದಿಂದ ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದರು, ನಮಗೆಲ್ಲ ಮಾಮಾ. ಯಂತ್ರ ಪ್ರಶ್ನೆ ಟೈಪು ಮಾಡಿದರೆ ಕನ್ನಡಕ ಹಣೆಗೇರಿಸಿ, ಕಾಗದಕ್ಕೆ ಮೂಗು ತಾಗಿಸಿ ಓದಿ, ಆಮೇಲೆ ಉತ್ತರ ಟೈಪು ಮಾಡುವರು. "ಮೊದಲ ಅದು ಏನ ಕೇಳ್ತದ ನೋಡ್ರಿ" ಎನ್ನುವುದು ಅವರ ಮಂತ್ರ.

ನಮ್ಮ ಮನೆತನದಲ್ಲಿ ಮೊದಲು ಪದವಿ ಕಂಡವನು ನಾನು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಯಂತ್ರದ ಪ್ರಶ್ನೆಗೆ ಯಂತ್ರವೇ "ಹೂಂ" ಎಂದು ಉತ್ತರಿಸುವಂತೆ ಪ್ರೋಗ್ರಾಂ ಬರೆದೆ. ಮ್ಯಾನೇಜರರಿಗೆ ತೋರಿಸುವ ದಿನವೇ ಅದು ಸಿಕ್ಕಿಕೊಂಡಿತು. ಯಂತ್ರ ಕೇಳಿತು, "ಟೇಪಿಗೆ ಬಳೆ ಇಲ್ಲ, ಹಾಕಿದಿರಾ?" "ಹೂಂ." ಮತ್ತೆ ಅದೇ ಪ್ರಶ್ನೆ, ಅದೇ ಹೂಂ. ಕಾಗದ ನೆಲಕ್ಕೆ ಸುರಿಯಿತು.

ಮಾಮಾ ಅಂಗಿಯ ತೋಳು ಸರಿಸಿ, ಕೈಗೆ ತೊಟ್ಟಿದ್ದ ಪ್ಲಾಸ್ಟಿಕ್ ಬಳೆ ತೋರಿಸಿದರು. ಟೇಪಿನ ಸುರುಳಿಗೆ ಸಿಕ್ಕಿಸುವ ಆ ಬಳೆ ಇಲ್ಲದೆ ಟೇಪಿನ ಮೇಲೆ ಯಂತ್ರ ಬರೆಯಲಾರದು.

"ನಾನೇ ತಗದೀನ್ರಿ. ನೀವು ಕೊಟ್ಟ ನಂಬರಿನ ಟೇಪಿನ್ಯಾಗ ಮಂದಿ ಹಾಜರಿ ಅದ. ಎಲ್ಲಾ ಅಳಸಿ ಹೋಗ್ತಿತ್ತು. ಹೊಸಾ ಅಳಿಯಾನೂ ಇಷ್ಟು ಹೂಂ ಅನ್ನಂಗಿಲ್ಲ ಬಿಡ್ರಿ!"

ಅಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರ್. "ಏನಾತು?"

ಮಾಮಾ ಕಾಗದ ಸುತ್ತಿ ಕಂಕುಳಿಗೆ ಸೇರಿಸಿದರು. "ಏನಿಲ್ರಿ. ನಮ್ಮ ಗ್ರ್ಯಾಜುಯೇಟ್ ಸಾಹೇಬ್ರು ಮಷೀನಿಗೆ ಮಾತು ಕಲಿಸ್ಯಾರ. ಸುಮ್ನಿರೋದು ನಾಳಿಗೆ ಕಲಿಸ್ತಾರಂತ."