ಸೋರೆಕಾಯಿಯೋ ಬೂದುಗುಂಬಳವೋ

ನಿವೃತ್ತರಾದ ಮೇಲೆ ನನ್ನ ಗಂಡನಿಗೆ ಆರೋಗ್ಯದ ಗೀಳು ಹತ್ತಿತು. ವಾಕಿಂಗ್ ಗೆಳೆಯರು ಹೇಳಿದರೆಂದು ದಿನಾ ಬೆಳಗ್ಗೆ ಹಸಿ ಸೋರೆಕಾಯಿಯ ರಸ ಕುಡಿಯತೊಡಗಿದರು. ನಮ್ಮ ಅಗ್ರಹಾರದಲ್ಲೇ ಎರಡು ಬೀದಿ ಆಚೆಗಿದ್ದ ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಬೂದುಗುಂಬಳದ ಪಕ್ಷ. ದೇವಸ್ಥಾನದಿಂದ ಬರುತ್ತಾ ನಮ್ಮಲ್ಲಿ ಕಾಫಿಗೆ ಕೂತರೆ ಸಾಕು, ಇಬ್ಬರಿಗೂ ಇದೇ ವಾದ. ಇವರು ಮೊಬೈಲಿನಲ್ಲಿ ಹುಡುಕಿ, ಯಾವುದರಲ್ಲಿ ನಾರು ಹೆಚ್ಚು, ಯಾವುದರಲ್ಲಿ ಪೊಟ್ಯಾಸಿಯಂ ಹೆಚ್ಚು ಎಂದು ಓದುವರು. ಅತ್ತಿಗೆ ತಮ್ಮ ಅಸಿಡಿಟಿ ಹೋದ ಕತೆ ಹೇಳುವರು. ಮೊದಮೊದಲು ತಮಾಷೆಯಾಗಿದ್ದದ್ದು ಬರಬರುತ್ತಾ ಬಿರುಸಾಯಿತು. ಇಬ್ಬರೂ ಸೋಲುವವರಲ್ಲ.

ಒಂದು ಬೆಳಗ್ಗೆ ಅತ್ತಿಗೆಯ ಎದುರೇ, ಮೊದಲ ಗುಟುಕಿಗೇ ಇವರು ಮುಖ ಕಿವುಚಿದರು.

"ಯಾಕೋ, ಕಹಿನಾ?" ಅತ್ತಿಗೆ ಕೇಳಿದರು.

"ಸ್ವಲ್ಪ. ಕಹಿ ಇದ್ರೆ ಒಳ್ಳೇದೇ ಬಿಡು. ಹಾಗಲಕಾಯಿ ತಿನ್ನಲ್ವಾ?"

"ನನ್ನ ಬೂದುಗುಂಬಳ ಯಾವತ್ತೂ ಕಹಿ ಬಂದಿಲ್ಲಪ್ಪ."

ಅಷ್ಟೇ ಸಾಕಾಯಿತು. ಇವರು ಲೋಟ ಎತ್ತಿ ಪೂರ್ತಿ ಕುಡಿದರು. ನಾನು ಮಿಕ್ಸಿ ಜಾರಿನಲ್ಲಿ ಉಳಿದಿದ್ದ ಹನಿಯನ್ನು ನಾಲಿಗೆಗೆ ಮುಟ್ಟಿಸಿದೆ. ಅದು ಹಾಗಲದ ಕಹಿಯಲ್ಲ, ಗಂಟಲು ಹಿಡಿಯುವಂಥದ್ದು. ಉಗಿದು ಬಾಯಿ ತೊಳೆದರೂ ಹೋಗಲಿಲ್ಲ.

"ರೀ, ಇದು ಸರಿಯಿಲ್ಲ ಕಣ್ರೀ."

"ಸುಮ್ನಿರು ನೀನು," ಎಂದು ಪೇಪರ್ ಬಿಡಿಸಿದರು.

ಪೇಪರ್ ಓದಿ ಮುಗಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದರು. ವಾಂತಿ ನಿಲ್ಲಲೇ ಇಲ್ಲ. ಕೊನೆಗೆ ಅದರಲ್ಲಿ ರಕ್ತ ಕಂಡಾಗ ನಾನು ಅತ್ತಿಗೆಯನ್ನು ಕೂಗಿದೆ. ಅತ್ತಿಗೆ ಬರಿಗಾಲಲ್ಲೇ ಬೀದಿಗೆ ಹೋಗಿ ಆಟೋ ತಂದರು.

"ಎಂಗಾಯ್ತಮ್ಮ ಇದು? ಏನ್ ತಿಂದ್ರು?" ಆಟೋದವನು ಕೇಳಿದ. ಇವರ ತಲೆ ನನ್ನ ಭುಜದ ಮೇಲೆ ಭಾರವಾಗುತ್ತಾ ಬಂತು. ಅತ್ತಿಗೆ ತಣ್ಣಗಾಗುತ್ತಿದ್ದ ಅಂಗೈ ಉಜ್ಜುತ್ತಾ, "ಕಣ್ ಬಿಡೋ, ಏನಾದ್ರೂ ಮಾತಾಡೋ," ಎನ್ನುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಯುವ ಡಾಕ್ಟರಮ್ಮ ಬಿಪಿ ನೋಡಿ, ಏನು ಕೊಟ್ಟಿರಿ ಎಂದರು. ಸೋರೆಕಾಯಿ ಜ್ಯೂಸ್ ಎಂದೆ.

"ಕಹಿ ಇತ್ತಾ?"

ಅವರು ಅಷ್ಟು ಬೇಗ ಕೇಳಿದ್ದೇ ನನಗೆ ಹೆದರಿಕೆ ತಂದಿತು. ಹೌದೆಂದು ತಲೆಯಾಡಿಸಿದೆ.

"ಕಹಿ ಸೋರೆಕಾಯಿ ವಿಷ ಅಮ್ಮ. ಇದಕ್ಕೇ ಅಂತ ಬೇರೆ ಔಷಧಿ ಇಲ್ಲ. ಡ್ರಿಪ್ ಹಾಕಿ ಬಿಪಿ ಏರಿಸ್ತೀವಿ. ನೋಡೋಣ."

ಐಸಿಯು ಹೊರಗೆ ಬೆಂಚಿನ ಮೇಲೆ ಅತ್ತಿಗೆ ಮೆಲ್ಲಗೆ ಹೇಳಿದರು, "ನಾನು ಬಾಯ್ ಮುಚ್ಕೊಂಡಿದ್ದಿದ್ರೆ ಅವ್ನು ಲೋಟ ಕೆಳಗಿಡ್ತಿದ್ದ ಕಣಮ್ಮ."

ಅದು ನಿಜವಾಗಿತ್ತು. ನನಗೆ ಸಿಟ್ಟೂ ಇತ್ತು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಏಳುತ್ತಿದ್ದೆವು, ಒಟ್ಟಿಗೆ ಕೂರುತ್ತಿದ್ದೆವು. ಸಂಜೆಗೆ ನರ್ಸ್ ಬಂದು ಬಿಪಿ ಏರುತ್ತಿದೆ ಎಂದರು.

ಮಾರನೆಯ ದಿನ ರೌಂಡ್ಸಿಗೆ ಬಂದ ಡಾಕ್ಟರಮ್ಮನನ್ನು ಇವರು ಕ್ಷೀಣ ದನಿಯಲ್ಲಿ ಕೇಳಿದರು, "ಬೂದುಗುಂಬಳ, ಸೋರೆಕಾಯಿ... ಯಾವುದು ಒಳ್ಳೇದು ಡಾಕ್ಟ್ರೇ?"

ಅತ್ತಿಗೆ ನೆಲ ನೋಡಿದರು.

"ಎರಡರಲ್ಲೂ ನೀರೇ ಜಾಸ್ತಿ ಸಾರ್. ಬೇಯಿಸ್ಕೊಂಡು ತಿನ್ನಿ. ಸೋರೆಕಾಯಿ ಹೆಚ್ಚುವಾಗ ಚೂರು ನಾಲಿಗೆಗಿಟ್ಟು ನೋಡಿ. ಕಹಿ ಇದ್ರೆ ಎಸೆದ್ಬಿಡಿ."

ಅವರು ಹೋದ ಮೇಲೆ ಅತ್ತಿಗೆ ಗಂಜಿಯ ಚಮಚವನ್ನು ತಮ್ಮನ ಬಾಯಿಗೆ ಹಿಡಿದರು. ಇವರು ಮಾತಿಲ್ಲದೆ ಬಾಯಿ ತೆರೆದರು. ಹಿಂದಿನ ದಿನದಿಂದ ನಾನೇನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು.