ಅಂಗೈ ನೋಡುತ್ತಿದ್ದ ಅತ್ತೆ

ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಿಡಿಸಿ ನಮ್ಮ ಅತ್ತೆಯ ಬೆರಳ ತುದಿಗಳು ಸದಾ ಕೆಂಪಗಿರುತ್ತಿದ್ದವು. ಬ್ಯಾಡಗಿಯ ಮನೆಯಲ್ಲಿ ಬೆಳಗ್ಗೆ ಆ ಬೆರಳುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ತೊಳೆದು, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕೂರುತ್ತಿದ್ದರು. ಪೂಜೆ ಮುಗಿಯದೆ ಹನಿ ನೀರೂ ಇಲ್ಲ. ಲಿಂಗವನ್ನೇ ದಿಟ್ಟಿಸುತ್ತಾ ಒಮ್ಮೊಮ್ಮೆ ಹುಬ್ಬು ಗಂಟಿಕ್ಕುವರು, ನಾಲಿಗೆ ಕಚ್ಚಿಕೊಳ್ಳುವರು. ಹಾವೇರಿಯ ಕಾನ್ವೆಂಟಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸಲು ಕಲಿತ ನನಗೆ ಅದು ವಿಚಿತ್ರವೆನಿಸುತ್ತಿತ್ತು.

“ಅದ್ಯಾವ ಮಂತ್ರರೀ ಅತ್ತಿ?”

“ಮಂತ್ರ ಎಲ್ಲೀದವ್ವಾ! ನಿನ್ನಿ ಯಾರಿಗೆ ಏನಂದೆ ಅಂತ ನೋಡಾಕತ್ತಿದ್ನಿ. ಅದ ಮುಗೀವಲ್ದು.”

ನನ್ನ ಮದುವೆಯಾದ ಹೊಸತರಲ್ಲಿ ರಾಣೆಬೆನ್ನೂರಿನಿಂದ ಅತ್ತೆಯ ತಂಗಿ ಊಟಕ್ಕೆ ಬಂದಿದ್ದರು. ನಾನು ಬಡಿದ ರೊಟ್ಟಿ ಹಂಚಿನ ಮೇಲೆ ಹರಿಯಿತು.

“ಇಂಗ್ಲಿಷ್ ಕಲಿಸ್ಯಾಳ ಇವರವ್ವ, ಹಿಟ್ಟು ನಾದಾಕ ಕಲಿಸಿಲ್ಲ. ಆಕೀಗರ ಬರತಿತ್ತೋ ಇಲ್ಲೋ!” ಎಂದರು ಅತ್ತೆ. ಅಕ್ಕತಂಗಿಯರು ನಕ್ಕರು. ನನ್ನವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಾನು ಒಲೆಯ ಕಡೆ ತಿರುಗಿ ನಿಂತೆ.

ಮರುದಿನ ಪೂಜೆಗೆ ಕೂತ ಅತ್ತೆ, ಅದನ್ನು ಮುಗಿಸದೆಯೇ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಎದ್ದರು.

“ಸೀರಿ ಉಟ್ಕೊ. ರಾಣೆಬೆನ್ನೂರಿಗೆ ಹೋಗೂಣು.”

“ಯಾಕ್ರಿ?”

“ಆಕಿ ಮುಂದ ಅಂದದ್ದು, ಆಕಿ ಮುಂದನ ತೊಳೀಬೇಕು.”

ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿದರು. ತಂಗಿಯ ಪಡಸಾಲೆಯಲ್ಲಿ ಪಕ್ಕದ ಮನೆಯಾಕೆಯೂ ಕೂತಿದ್ದಳು. ಅವಳಿರುವಂತೆಯೇ ಅತ್ತೆ ನನಗೆ ಕೈ ಮುಗಿದರು. “ನಿನ್ನಿ ನಿಮ್ಮವ್ವನ್ನ ಆಡ್ಕೊಂಡ್ನಿ. ಸತ್ತಾಕಿ ತಿರುಗಿ ಮಾತಾಡಾಕ ಬರತಾಳೇನು? ತಪ್ಪಾತು.”

“ಅಯ್ಯ ಅಕ್ಕಾ, ಇಷ್ಟಕ್ಕ ಉಪಾಸ ಬಂದೀಯೇನ? ಹುಚ್ಚಿ!” ಎಂದು ತಂಗಿ ಕಣ್ಣೊರೆಸಿಕೊಂಡರು. “ಇಂಥಾ ಅತ್ತಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು,” ಎಂದಳು ಪಕ್ಕದ ಮನೆಯಾಕೆ.

ನಾನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ. ಒಳಗೆ ಮಾತ್ರ ಗೆದ್ದಿದ್ದೆ. ಆ ಕೈಗಳನ್ನು ಹಿಡಿದು ಕೆಳಗಿಳಿಸಬಹುದಿತ್ತು. ಇನ್ನಷ್ಟು ಹೊತ್ತು ಹಾಗೇ ಇರಲಿ ಎನಿಸಿತು. ಅವ್ವನ ನೆನಪು ಆಗ ಬರಲೇ ಇಲ್ಲ.

ಕಳೆದ ಚಳಿಗಾಲ ಹಾವೇರಿಯ ಆಸ್ಪತ್ರೆಯಲ್ಲಿ ಅತ್ತೆಯ ತಲೆ ಬಾಚುತ್ತಾ, ಅವರ ಮುಖ ಕಾಣದ ಧೈರ್ಯದಲ್ಲಿ, ರಾಣೆಬೆನ್ನೂರಿನಲ್ಲಿ ಅಂದು ಒಳಗೊಳಗೇ ಗೆದ್ದದ್ದನ್ನು ಹೇಳಿಬಿಟ್ಟೆ.

“ಗೊತ್ತಿತ್ತು ಬಿಡವ್ವಾ. ನಿನ್ನ ಮಾರಿ ನೋಡಿದ್ನಿ.” ಉಸಿರು ತೆಗೆದುಕೊಂಡು ಮುಂದುವರಿಸಿದರು. “ನಾನೇನ್ ಕಡಿಮಿ? ಆ ಬಾಜೂ ಮನಿಯಾಕಿ ಪುಣ್ಯಾ ಗಿಣ್ಯಾ ಅಂದಳಲ್ಲಾ, ಖುಷಿ ಆಗಿತ್ತು. ತಿರುಗಿ ಬರೂಮುಂದ ಬಸ್ಸಿನ್ಯಾಗ ಅದನ್ನ ಮೆಲಕು ಹಾಕ್ಕೋತ ಬಂದ್ನಿ. ಮರುದಿನ ಪೂಜಾಕ್ಕ ಕುಂತ್ರ ಮತ್ತ ನಾಚಿಗಿ.”

ಅದೇ ವಾರ ಅತ್ತೆ ಹೋದರು. ಮಣ್ಣಿಗೆ ಬಂದ ಹೆಂಗಸರು ನನ್ನ ಕಡೆ ನೋಡಿ, “ಸೊಸಿ ಮಗಳಿಗಿಂತ ಹೆಚ್ಚ ನೋಡ್ಕೊಂಡ್ಳವ್ವಾ” ಎಂದು ಪಿಸುಗುಟ್ಟುತ್ತಿದ್ದರು.

ಅಳು ತಡೆದು, ಅದನ್ನು ಕಿವಿಗೊಟ್ಟು ಕೇಳಿದೆ.